1,200 ಜನರ ಊರಲ್ಲಿ ನಾಲ್ಕು ವರ್ಷಕ್ಕೆ ಏಳು ಕ್ಯಾನ್ಸರ್: ಇದು ಹೆಚ್ಚೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮುನ್ನೂರು ಮನೆ, 1,200 ಜನ. ಕಳೆದ ನಾಲ್ಕು ವರ್ಷದಲ್ಲಿ ಏಳು ಜನಕ್ಕೆ ಕ್ಯಾನ್ಸರ್ ಬಂತು. ಇಬ್ಬರಿಗೆ ಸ್ತನದ್ದು, ಇಬ್ಬರಿಗೆ ಬಾಯಿಯದು, ಇನ್ನು ಒಬ್ಬೊಬ್ಬರಿಗೆ ಗರ್ಭಕೊರಳು, ಶ್ವಾಸಕೋಶ, ಅನ್ನನಾಳ. ಎಲ್ಲರೂ 45 ದಾಟಿದವರು. ಮೂವರು ತೀರಿಕೊಂಡರು. ತೋಟಕ್ಕೆ ಹೊಡೆಯುವ ಔಷಧಿಯಿಂದಲೇ ಅಂತ ಕೆಲವರು, ಐದು ವರ್ಷದ ಹಿಂದೆ ಗುಡ್ಡದ ಮೇಲೆ ನಿಂತ ಮೊಬೈಲ್ ಟವರ್‌ನಿಂದ ಅಂತ ಕೆಲವರು. ಈಗ ನಮ್ಮ ಅತ್ತಿಗೆಗೂ ಎದೆಯಲ್ಲಿ ಗಂಟು ಸಿಕ್ಕಿದೆ. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ಹೆದರಿ ಎರಡು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಒಂದು ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದು ‘ಎಲ್ಲ ಕ್ಯಾನ್ಸರ್ ಟೆಸ್ಟ್’ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮನೆಯವರೆಲ್ಲ ಮಾಡಿಸಬೇಕೇ? ನಮ್ಮ ಊರಿಗೆ ಏನಾಗಿದೆ?

ಉತ್ತರ: ಊರಿನ ಲೆಕ್ಕ ಆಮೇಲೆ ನೋಡೋಣ. ಮೊದಲು ಅತ್ತಿಗೆಯ ಗಂಟು.

ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕೈಯಲ್ಲಿ ಮುಟ್ಟಿ ಹೇಳಲು ಎಷ್ಟೇ ಅನುಭವಿ ಸರ್ಜನ್‌ಗೂ ಆಗುವುದಿಲ್ಲ. ಅದಕ್ಕೇ ಮೂರು ಪರೀಕ್ಷೆ ಒಟ್ಟಿಗೆ ನಡೆಯುತ್ತವೆ: ಕೈ ಪರೀಕ್ಷೆ, ಮ್ಯಾಮೊಗ್ರಾಮ್ (ವಯಸ್ಸು 40ರೊಳಗಿದ್ದರೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್), ಆಮೇಲೆ ಸೂಜಿ ಬಯಾಪ್ಸಿ. ಬಯಾಪ್ಸಿ ಎಂದರೆ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ದಪ್ಪ ಸೂಜಿಯಲ್ಲಿ ಗಂಟಿನಿಂದ ಶಾವಿಗೆ ಎಳೆಯಂಥ ನಾಲ್ಕೈದು ತುಣುಕು ತೆಗೆಯುವುದು. ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ ಬರಬಹುದು. ಒಂದೆರಡು ದಿನ ಜಾಗ ಕಂದಿ ನೋಯಬಹುದು.

ಇದರಿಂದ ಹರಡುತ್ತದೆ ಎಂಬ ಮಾತು ಹುಟ್ಟಿದ್ದಕ್ಕೂ ಕಾರಣವಿದೆ. ಜನ ತಡವಾಗಿ ಬರುತ್ತಾರೆ, ಬಯಾಪ್ಸಿ ಆಗುತ್ತದೆ, ರಿಪೋರ್ಟ್ ನೋಡಿ ಹೆದರಿ ನಾಟಿ ಔಷಧಿಗೆ ಹೋಗುತ್ತಾರೆ, ಆರು ತಿಂಗಳಲ್ಲಿ ಗಂಟು ದುಪ್ಪಟ್ಟಾಗುತ್ತದೆ. ನೋಡಿದವರ ನೆನಪಲ್ಲಿ ಉಳಿಯುವುದು ಸೂಜಿ, ಆ ಆರು ತಿಂಗಳಲ್ಲ. ವೃಷಣದ ಗಡ್ಡೆ, ಕೆಲವು ಮೂಳೆ ಗಡ್ಡೆಗಳಲ್ಲಿ ಸೂಜಿ ಹಾಕಬೇಕೇ, ಯಾವ ದಾರಿಯಲ್ಲಿ ಹಾಕಬೇಕು ಎಂದು ಮೊದಲೇ ಯೋಚಿಸಬೇಕಾಗುತ್ತದೆ ಎಂಬುದು ನಿಜ. ಸ್ತನದ ವಿಷಯದಲ್ಲಿ ಆ ತಕರಾರಿಲ್ಲ.

ನಿಜವಾಗಿ ಹೆದರಬೇಕಾದ್ದು ಬೇರೆ. ‘ಸಣ್ಣ ಗಂಟು, ಕೊಯ್ದು ತೆಗೆದುಬಿಡೋಣ’ ಎಂದು ಯಾವುದೋ ಸಣ್ಣ ನರ್ಸಿಂಗ್ ಹೋಂನಲ್ಲಿ ತೆಗೆಸಿ, ತೆಗೆದದ್ದನ್ನು ಪರೀಕ್ಷೆಗೆ ಕಳಿಸದೆ ಎಸೆಯುವುದು. ಅಥವಾ ಸಲೈನ್ ಬಾಟಲಿಯಲ್ಲಿ ಹಾಕಿ ಕೈಗೆ ಕೊಡುವುದು. ಅದು ದಾರಿಯಲ್ಲೇ ಕೊಳೆಯುತ್ತದೆ, ಆಮೇಲೆ ಯಾವ ಬಗೆಯ ಕ್ಯಾನ್ಸರ್ ಎಂದು ಯಾರಿಗೂ ಹೇಳಲಾಗುವುದಿಲ್ಲ. ತೆಗೆದ ಭಾಗ 10 ಪರ್ಸೆಂಟ್ ಫಾರ್ಮಾಲಿನ್‌ನಲ್ಲಿ ಮುಳುಗಿರಬೇಕು. ಫಾರ್ಮಾಲಿನ್ ತುಣುಕಿನ ಹತ್ತು ಪಟ್ಟಾದರೂ ಇರಬೇಕು. ರಿಪೋರ್ಟ್‌ನಲ್ಲಿ ಇಆರ್, ಪಿಆರ್ (ಗಡ್ಡೆಯ ಹಾರ್ಮೋನ್ ಗುರುತುಗಳು), ಹರ್-2 (ಗಡ್ಡೆಯ ಒಂದು ಪ್ರೋಟೀನ್) ಎಂಬ ಮೂರು ಫಲಿತಾಂಶಗಳನ್ನು ಕೇಳಿ ಪಡೆಯಿರಿ. ಕ್ಯಾನ್ಸರ್ ಎಂದಾದರೆ ಮುಂದಿನ ಔಷಧಿ ನಿಂತಿರುವುದೇ ಅವುಗಳ ಮೇಲೆ. ಈ ವಾರವೇ ಹಾಸನ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸರ್ಜರಿ ಹೊರರೋಗಿ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ.

ಈಗ ಊರಿನ ಲೆಕ್ಕ.

ಭಾರತದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ, 9 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಇದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರ ವರ್ಷಕ್ಕೆ ಹಾಕಿದ ಅಂದಾಜು. ಜನಸಂಖ್ಯೆಗೆ ಭಾಗಿಸಿದರೆ ಲಕ್ಷ ಜನಕ್ಕೆ ವರ್ಷಕ್ಕೆ ನೂರು ಹೊಸ ರೋಗಿಗಳು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ, ಚಿಕ್ಕಮಗಳೂರಿನದು 11.38 ಲಕ್ಷ. ಅದೇ ದರ ಹಿಡಿದರೆ ಹಾಸನ ಜಿಲ್ಲೆಯಲ್ಲಿ ವರ್ಷಕ್ಕೆ 1,700ಕ್ಕೂ ಹೆಚ್ಚು, ಚಿಕ್ಕಮಗಳೂರಿನಲ್ಲಿ 1,100ರ ಹತ್ತಿರ ಹೊಸ ರೋಗಿಗಳನ್ನು ನಿರೀಕ್ಷಿಸಬೇಕು.

ನಿಮ್ಮ 1,200 ಜನರ ಊರಿಗೆ ಈ ದರದಲ್ಲಿ ವರ್ಷಕ್ಕೆ ಒಂದಕ್ಕಿಂತ ತುಸು ಹೆಚ್ಚು. ನಾಲ್ಕು ವರ್ಷಕ್ಕೆ ಐದು.

ಏಳಕ್ಕೂ ಐದಕ್ಕೂ ಎರಡರ ವ್ಯತ್ಯಾಸವಿದೆಯಲ್ಲ ಎಂದು ನೀವು ಕೇಳಬಹುದು. ಇಲ್ಲಿ ಮಲೆನಾಡಿನ ಇನ್ನೊಂದು ಸಂಗತಿ ಸೇರುತ್ತದೆ. ಊರಲ್ಲಿ ಉಳಿದಿರುವವರು ಯಾರು? ಓದಿದ ಹುಡುಗರು ಬೆಂಗಳೂರು ಸೇರಿದ್ದಾರೆ, ಮನೆ ಕಾಯುತ್ತಿರುವವರು ಅಪ್ಪ ಅಮ್ಮ. ಕ್ಯಾನ್ಸರ್ ಮುಖ್ಯವಾಗಿ ವಯಸ್ಸಿನ ಕಾಯಿಲೆ. ನಮ್ಮ ದೇಶದಲ್ಲಿ 50 ದಾಟಿದವರಲ್ಲಿ ಅದು ಲಕ್ಷಕ್ಕೆ 300ರ ಆಸುಪಾಸು, 50ರ ಕೆಳಗೆ ಲಕ್ಷಕ್ಕೆ 50ರೊಳಗೆ. ನಿಮ್ಮ ಊರಲ್ಲಿ 400 ಜನ 50 ದಾಟಿದ್ದಾರೆ ಎಂದುಕೊಳ್ಳಿ. ಆಗ ನಾಲ್ಕು ವರ್ಷಕ್ಕೆ ಅವರಿಂದಲೇ ಐದರ ಹತ್ತಿರ, ಉಳಿದ 800 ಜನರಿಂದ ಒಂದೂವರೆ. ಒಟ್ಟು ಆರು ದಾಟಿತು. ಇಷ್ಟು ಸಣ್ಣ ಸಂಖ್ಯೆಗಳು ಒಂದೇ ಸಮ ಬೀಳುವುದೂ ಇಲ್ಲ. ಸರಾಸರಿ ಆರು ಇರುವ ನೂರು ಊರುಗಳನ್ನು ತೆಗೆದುಕೊಂಡರೆ, ಯಾವ ವಿಶೇಷ ಕಾರಣವೂ ಇಲ್ಲದೆ ಅವುಗಳಲ್ಲಿ ಹದಿನೈದು ಊರಲ್ಲಿ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ರೋಗಿಗಳಿರುತ್ತಾರೆ. ಆರೇಳು ಊರಲ್ಲಿ ಎರಡೋ, ಒಂದೋ, ಸೊನ್ನೆಯೋ ಇರುತ್ತದೆ. ಎರಡಿರುವ ಊರಿನವರು ಯಾರೂ ನನಗೆ ಪತ್ರ ಬರೆಯುವುದಿಲ್ಲ.

ಎಷ್ಟು ಜನ ಎಂಬುದಕ್ಕಿಂತ ಯಾವ ಕ್ಯಾನ್ಸರ್ ಎಂಬ ಪ್ರಶ್ನೆ ನನಗೆ ಮುಖ್ಯ. ದೇಶದ ಪಟ್ಟಿ ನೋಡಿ: ಮೊದಲನೆಯದು ಸ್ತನ (ವರ್ಷಕ್ಕೆ 1.92 ಲಕ್ಷ), ಆಮೇಲೆ ತುಟಿ ಮತ್ತು ಬಾಯಿ (1.44 ಲಕ್ಷ), ಗರ್ಭಕೊರಳು (1.28 ಲಕ್ಷ), ಶ್ವಾಸಕೋಶ (82 ಸಾವಿರ), ಅನ್ನನಾಳ (71 ಸಾವಿರ). ನಿಮ್ಮ ಊರಿನ ಏಳೂ ಈ ಐದರೊಳಗೇ ಇವೆ, ಅದೇ ಕ್ರಮದಲ್ಲಿ. ಒಂದು ವಿಷವಸ್ತು ಒಂದು ಊರನ್ನು ಹಿಡಿದರೆ ಚಿತ್ರ ಹೀಗಿರುವುದಿಲ್ಲ. ಅದು ಒಂದೇ ಬಗೆಯ ಕ್ಯಾನ್ಸರನ್ನು, ಹೆಚ್ಚಾಗಿ ಅಪರೂಪದ್ದನ್ನು, ಗುಂಪಾಗಿ ತರುತ್ತದೆ. ಕಲ್ನಾರಿನಿಂದ ಬರುವ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಹಾಗೆಯೇ ಬಯಲಿಗೆ ಬಂದದ್ದು. ನಿಮ್ಮ ಊರಲ್ಲಿ ಮೂರು ಮಕ್ಕಳಿಗೆ ರಕ್ತ ಕ್ಯಾನ್ಸರ್ ಬಂದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು, ಏಕೆಂದರೆ ದೇಶದ ಒಟ್ಟು ಕ್ಯಾನ್ಸರ್‌ನಲ್ಲಿ 15 ವರ್ಷದೊಳಗಿನ ಮಕ್ಕಳ ಪಾಲು ನೂರಕ್ಕೆ ನಾಲ್ಕರ ಆಸುಪಾಸು ಮಾತ್ರ.

ಟವರ್ ವಿಷಯ ಬೇಗ ಮುಗಿಸುತ್ತೇನೆ. ಗಟ್ಟಿ ಗಡ್ಡೆಯ ಕ್ಯಾನ್ಸರ್ ಮೊಳೆತು ಕಣ್ಣಿಗೆ ಬೀಳಲು ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಬೇಕು. ಹಿರೋಶಿಮಾದಲ್ಲೂ ಗಟ್ಟಿ ಗಡ್ಡೆಗಳು ಏರತೊಡಗಿದ್ದು ದಶಕದ ನಂತರ. ಐದು ವರ್ಷದ ಟವರ್ ಈ ಏಳಕ್ಕೆ ಕಾರಣವಾಗಲು ಕಾಲವೇ ಹೊಂದುವುದಿಲ್ಲ. ಮೇಲೆ ಹೇಳಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2011ರಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ, ಅಂದರೆ ‘ಇರಬಹುದೇನೋ’ ಎಂಬ ಗುಂಪಿಗೆ ಹಾಕಿದ್ದು ನಿಜ, ಅದೂ ಕಿವಿಗೊತ್ತಿದ ಫೋನ್ ಮತ್ತು ಮಿದುಳಿನ ಗಡ್ಡೆಯ ಸಂದೇಹದಿಂದ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ದೊಡ್ಡ ವಿಮರ್ಶೆಯಲ್ಲಿ ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ನಿಮ್ಮ ಪಟ್ಟಿಯಲ್ಲಿ ಮಿದುಳಿನದು ಒಂದೂ ಇಲ್ಲ.

ತೋಟದ ಔಷಧಿ ಹಾಗೆ ತಳ್ಳಿಹಾಕುವ ಮಾತಲ್ಲ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಹಿಂದೆ ಗಿಡದ ಬೊಡ್ಡೆಗೆ ಲಿಂಡೇನ್ ಹೊಡೆಯುತ್ತಿದ್ದರಲ್ಲ, ಅದನ್ನು 2015ರಲ್ಲಿ ಖಚಿತ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆಯವರು ‘ಒಂದನೇ ಗುಂಪಿಗೆ’ ಸೇರಿಸಿದರು. ನಮ್ಮ ದೇಶದಲ್ಲಿ ಅದರ ಬಳಕೆ 2013ರಿಂದ ನಿಂತಿದೆ. ಕಳೆನಾಶಕ ಗ್ಲೈಫೋಸೇಟ್ ಅದೇ ವರ್ಷ ‘ಬಹುಶಃ ಹೌದು’ ಎಂಬ ‘2ಎ’ ಗುಂಪು ಸೇರಿತು. ಆದರೆ ಈ ಎರಡರಲ್ಲೂ ಪುರಾವೆ ಬೊಟ್ಟು ಮಾಡುವುದು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಕಡೆಗೆ, ಸ್ತನ, ಬಾಯಿ, ಗರ್ಭಕೊರಳಿನ ಕಡೆಗಲ್ಲ. ಅಪಾಯವೂ ಮುಖ್ಯವಾಗಿ ಹೊಡೆಯುವವರಿಗೆ. ಊರಲ್ಲಿ ಯಾರಿಗಾದರೂ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಎದ್ದು ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ, ಅವರು ವರ್ಷಗಟ್ಟಲೆ ಔಷಧಿ ಹೊಡೆದವರೇ ಎಂದು ವೈದ್ಯರಿಗೆ ಹೇಳಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಲ್ಲ. ಹಾಗೆಂದು ಮೂಗು ಬಾಯಿ ಮುಚ್ಚಿಕೊಳ್ಳದೆ ಹೊಡೆಯಬಹುದು ಎಂದಲ್ಲ.

ಗುಂಪುಗಳ ಬಗ್ಗೆ ಒಂದು ಮಾತು, ಪತ್ರಿಕೆಯವರೂ ಇದರಲ್ಲಿ ಎಡವುತ್ತಾರೆ. ‘ಒಂದನೇ ಗುಂಪು’ ಎಂದರೆ ಪುರಾವೆ ಗಟ್ಟಿ ಎಂದರ್ಥ, ಅಪಾಯ ದೊಡ್ಡದು ಎಂದಲ್ಲ. ನಿಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಕಾಫಿಯದೇ. 2016ರಲ್ಲಿ ಕಾಫಿಯನ್ನು ಸಂಶಯದ ಪಟ್ಟಿಯಿಂದ ಇಳಿಸಿದರು. ಅದೇ ಹೊತ್ತಿಗೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ‘2ಎ’ಗೆ ಸೇರಿಸಿದರು, ಅನ್ನನಾಳದ ಕಾರಣಕ್ಕೆ. ಒಲೆಯಿಂದ ಇಳಿಸಿದ್ದನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳದೆ ನಾಲ್ಕೈದು ನಿಮಿಷ ಬಿಟ್ಟು ಕುಡಿಯಿರಿ.

ಹಾಗಾದರೆ ನಿಮ್ಮ ಊರಲ್ಲಿ ಕಾರಣವೇ ಇಲ್ಲವೇ? ಇದೆ, ಅದು ಗುಡ್ಡದ ಮೇಲಿಲ್ಲ, ಅಂಗಡಿಯಲ್ಲಿ ನೇತುಬಿದ್ದಿದೆ. ದೇಶದ ಕ್ಯಾನ್ಸರ್‌ಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಂಬಾಕಿಗೆ ನಂಟಿರುವ ಅಂಗಗಳಲ್ಲಿ ಬರುತ್ತವೆ. ನಿಮ್ಮ ಏಳರಲ್ಲಿ ಬಾಯಿಯ ಎರಡು, ಶ್ವಾಸಕೋಶ, ಅನ್ನನಾಳ ಸೇರಿ ನಾಲ್ಕು ಆ ಸಾಲಿನವು. ಆ ನಾಲ್ವರು ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ, ಹೆಂಡದ ಅಭ್ಯಾಸದವರೇ ಎಂದು ನೀವೇ ವಿಚಾರಿಸಿ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ, ಕೊಪ್ಪ, ತರೀಕೆರೆ ಕಡೆ ಅಡಿಕೆ ಬೆಳೆಯುವ ಸೀಮೆಯಲ್ಲಿ ಇದನ್ನು ಹೇಳುವುದು ಯಾರಿಗೂ ಹಿತವಲ್ಲ. ಆದರೂ ಹೇಳಬೇಕು: 2004ರಿಂದ, ತಂಬಾಕು ಬೆರೆಸದ ಬರೀ ಅಡಿಕೆಯೂ ಒಂದನೇ ಗುಂಪಿನಲ್ಲಿದೆ. ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಚರ್ಮದ ಕೆಳಗೆ ನಾರು ಕಟ್ಟಿಸುತ್ತದೆ, ಚರ್ಮ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಹೀಗೆ ಬಿಗಿದವರಲ್ಲಿ ನೂರಕ್ಕೆ ನಾಲ್ಕರಿಂದ ಎಂಟು ಮಂದಿಗೆ ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಯಲ್ಲಿ. ಅಂದಿನಿಂದ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸುವ ಕೆಲಸ ಗಿರಾಕಿಯದು.

ಮದುವೆ ಮುಂಜಿಯಲ್ಲಿ ಒಮ್ಮೆ ಎಲೆ ಅಡಿಕೆ ಹಾಕಿದವರು ಹೆದರಬೇಕಾಗಿಲ್ಲ. ದಿನಕ್ಕೆ ನಾಲ್ಕಾರು ಬಾರಿ, ವರ್ಷಗಟ್ಟಲೆ, ಒಂದೇ ದವಡೆಯಲ್ಲಿ ಉಂಡೆ ಇಟ್ಟುಕೊಳ್ಳುವವರ ಕಥೆ ಬೇರೆ. ಅವರು ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಬೆಳಕಿಗೆ ಕನ್ನಡಿ ಹಿಡಿದು, ಮೊದಲು ಉಂಡೆ ಇಡುವ ಜಾಗ ನೋಡಲಿ. ಆಮೇಲೆ ಕೆಳತುಟಿ ಮಡಚಿ ಒಳಗೆ, ಎರಡೂ ಕೆನ್ನೆ ಎಳೆದು, ನಾಲಗೆ ಹೊರಚಾಚಿ ಅದರ ಎರಡೂ ಅಂಚು, ನಾಲಗೆ ಮೇಲೆತ್ತಿ ಅದರ ಬುಡ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ತೋರಿಸಬೇಕು. ಹುಣ್ಣು ನೋಯುತ್ತಿಲ್ಲ ಎಂಬುದು ಸಮಾಧಾನದ ಮಾತಲ್ಲ, ಮೊದಲಿಗೆ ನೋಯದಿರುವುದೇ ಹೆಚ್ಚು. ಕೊನೆಗೆ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ ಬಾಯಿ ಬಿಗಿಯತೊಡಗಿದೆ. ಹಲ್ಲಿನ ವೈದ್ಯರೂ ಇದನ್ನು ಗುರುತಿಸುತ್ತಾರೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಹೀಗೆ ಬಾಯಿ ನೋಡುತ್ತ ಬಂದಾಗ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದರಷ್ಟು ಇಳಿಯಿತು. ಬ್ಯಾಟರಿ ಟಾರ್ಚ್ ಸಾಕಾದ ಪರೀಕ್ಷೆ ಇದು.

ಇನ್ನು ಲ್ಯಾಬ್‌ನವರ ಪ್ಯಾಕೇಜ್. ಬೇಡ. ಅದರಲ್ಲಿರುವುದು ಸಾಮಾನ್ಯವಾಗಿ ಸಿಇಎ, ಸಿಎ-125, ಸಿಎ 19-9ರಂಥ, ಗಡ್ಡೆಗಳು ರಕ್ತಕ್ಕೆ ಬಿಡುವ ವಸ್ತುಗಳನ್ನು ಅಳೆಯುವ ಪರೀಕ್ಷೆಗಳು. ಇವು ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ನೋಡಲು ಉಪಯೋಗ. ಆರೋಗ್ಯವಂತರಲ್ಲಿ ಮಾಡಿದರೆ, ಬೀಡಿ ಸೇದುವವರಲ್ಲಿ ಸಿಇಎ ಹೆಚ್ಚಿರುತ್ತದೆ. ಮುಟ್ಟಿನ ದಿನಗಳಲ್ಲಿ, ಹೊಟ್ಟೆಯ ಕ್ಷಯದಲ್ಲಿ ಸಿಎ-125 ಏರುತ್ತದೆ. ಆಮೇಲೆ ಸ್ಕ್ಯಾನ್ ಮೇಲೆ ಸ್ಕ್ಯಾನ್. ಅದಕ್ಕಿಂತ ಕೆಟ್ಟದ್ದು, ರಿಪೋರ್ಟ್ ನಾರ್ಮಲ್ ಎಂದು ಬಂದು ಅತ್ತಿಗೆಯಂಥವರು ಗಂಟು ಮರೆತು ಕೂರುವುದು. ಸ್ತನ, ಬಾಯಿ, ಗರ್ಭಕೊರಳು ಮೂರನ್ನೂ ಮೊದಲ ಹಂತದಲ್ಲಿ ಹಿಡಿಯಲು ಈ ರಕ್ತ ಪರೀಕ್ಷೆಗಳಿಂದ ಆಗುವುದಿಲ್ಲ. ಹುಡುಕಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. ದಕ್ಷಿಣ ಕೊರಿಯಾದಲ್ಲಿ ಎಲ್ಲರ ಕುತ್ತಿಗೆಗೂ ಅಲ್ಟ್ರಾಸೌಂಡ್ ಮಾಡತೊಡಗಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಅದರಿಂದ ಸಾಯುವವರ ಸಂಖ್ಯೆ ಇದ್ದಷ್ಟೇ ಇತ್ತು. ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು, ಅಷ್ಟೆ.

ಮಾಡಿಸಬೇಕಾದ್ದು ಮೂರೇ, ಹೆಚ್ಚಿನದು ಬಿಟ್ಟಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ಫಾರಂನಿಂದ ಅದು ಶುರು. ಗರ್ಭಕೊರಳಿಗೆ 5 ಪರ್ಸೆಂಟ್ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದು ಬಿಳಿ ಕಲೆ ಎದ್ದಿದೆಯೇ ನೋಡುತ್ತಾರೆ. ಉರಿಯೂತಕ್ಕೂ ಕಲೆ ಕಾಣಬಹುದು, ಆದ್ದರಿಂದ ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಎಂದಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಅವರಿಗೆ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಒಳ್ಳೆಯದು. ಮಹಾರಾಷ್ಟ್ರದ ಉಸ್ಮಾನಾಬಾದ್ ಹಳ್ಳಿಗಳಲ್ಲಿ ಒಂದೇ ಒಂದು ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ಅರ್ಧದಷ್ಟು ಕಡಿಮೆಯಾದದ್ದು 2009ರಲ್ಲಿ ಪ್ರಕಟವಾಗಿದೆ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಕೊಡಿಸಿ. ಸ್ತನಕ್ಕೆ ತರಬೇತಾದ ಕೈಯ ಪರೀಕ್ಷೆ ಸಾಕಷ್ಟು ಕೆಲಸ ಮಾಡುತ್ತದೆ. ಮ್ಯಾಮೊಗ್ರಾಮ್‌ನ ಲಾಭ ಸ್ಪಷ್ಟವಿರುವುದು 50 ದಾಟಿದವರಲ್ಲಿ. ಚಿಕ್ಕ ವಯಸ್ಸಿನಲ್ಲಿ ಸುಳ್ಳು ಗಾಬರಿ ಹೆಚ್ಚು.

‘ಮೂವರು ತೀರಿಕೊಂಡರು’ ಎಂದಿರಿ. ಯಾವ ಮೂವರು ಎಂದು ನೀವು ಬರೆದಿಲ್ಲ. ಎಷ್ಟು ಸಾಮಾನ್ಯ ಎಂಬುದೂ ಎಷ್ಟು ಮಾರಕ ಎಂಬುದೂ ಬೇರೆ ಬೇರೆ. ದೇಶದಲ್ಲಿ ಒಂದು ವರ್ಷದಲ್ಲಿ ಸ್ತನದ 100 ಹೊಸ ರೋಗಿಗಳು ಪತ್ತೆಯಾದರೆ ಅದರಿಂದ ಸಾಯುವವರು ಸುಮಾರು 50. ಬಾಯಿಯಲ್ಲಿ ಇದು 55ರ, ಗರ್ಭಕೊರಳಿನಲ್ಲಿ 63ರ ಹತ್ತಿರ. ಶ್ವಾಸಕೋಶ ಮತ್ತು ಅನ್ನನಾಳದಲ್ಲಿ 90ಕ್ಕೂ ಮೇಲೆ. ಮೊದಲ ಮೂರರಲ್ಲಿ ಈ ಸಾವುಗಳ ದೊಡ್ಡ ಪಾಲು ತಡವಾಗಿ ಬಂದದ್ದರಿಂದ. ಶ್ವಾಸಕೋಶದ್ದು ನಮ್ಮಲ್ಲಿ ಇನ್ನಷ್ಟು ತಡವಾಗಲು ಒಂದು ಕಾರಣ, ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಗದೆ ಬರೀ ಎಕ್ಸ್‌ರೇ ನೆರಳು ನೋಡಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುವುದು. ಎರಡು ತಿಂಗಳಲ್ಲಿ ಸುಧಾರಿಸದಿದ್ದರೆ ಸಿಟಿ ಸ್ಕ್ಯಾನ್ ಕೇಳಿ.

ಊರಿನವರ ಅನುಮಾನಕ್ಕೆ ಒಂದು ದಾರಿ ಮಾಡಿಕೊಡಿ. ನೋಟ್‌ಬುಕ್‌ನಲ್ಲಿ ಏಳೂ ಜನರದ್ದು ಬರೆಯಿರಿ: ಯಾವ ಅಂಗದ್ದು (ಬಯಾಪ್ಸಿ ರಿಪೋರ್ಟ್ ನೋಡಿ, ಲಿವರ್‌ಗೆ ಹರಡಿದ್ದನ್ನು ಜನ ‘ಲಿವರ್ ಕ್ಯಾನ್ಸರ್’ ಎನ್ನುತ್ತಾರೆ), ಪತ್ತೆಯಾದ ವರ್ಷ, ಆಗಿನ ವಯಸ್ಸು, ಊರಲ್ಲಿ ಎಷ್ಟು ವರ್ಷದಿಂದ, ಕೆಲಸ, ಅಭ್ಯಾಸ. ನಾಲ್ಕು ವರ್ಷಕ್ಕೆ ಮುಂಚೆ ಪತ್ತೆಯಾಗಿ ಈಗಲೂ ಇರುವವರನ್ನು ಇದರಲ್ಲಿ ಸೇರಿಸಬೇಡಿ, ಲೆಕ್ಕ ಉಬ್ಬುವುದು ಅಲ್ಲೇ. ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ. ಒಂದೇ ಬಗೆಯದು ಮೂರು ನಾಲ್ಕಾದರೆ, ಅಥವಾ ಚಿಕ್ಕವರಲ್ಲಿ ಕಂಡರೆ, ತನಿಖೆ ಕೇಳಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ಅತ್ತಿಗೆಯ ರಿಪೋರ್ಟ್ ಕ್ಯಾನ್ಸರ್ ಎಂದೇ ಬಂದರೆ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, 1.5 ಲಕ್ಷ ಮೀರದಂತೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಬೆಂಗಳೂರಿನ ಕಿದ್ವಾಯಿಗೋ ಮತ್ತೆಲ್ಲಿಗೋ ಬಸ್ ಹತ್ತಬೇಡಿ, ಪತ್ರಕ್ಕಾಗಿ ವಾಪಸ್ ಬರಬೇಕಾದೀತು. ರಿಪೋರ್ಟ್ ಕಾಗದ ಮಾತ್ರ ಸಾಲದು, ಲ್ಯಾಬ್‌ನಿಂದ ಬಯಾಪ್ಸಿ ತುಣುಕು ಇರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದುಕೊಂಡು ಹೋಗಿ, ಇಲ್ಲದಿದ್ದರೆ ಸೂಜಿ ಇನ್ನೊಮ್ಮೆ. ರೇಡಿಯೇಷನ್‌ಗೆ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅದರಲ್ಲಿ ಕರೆಂಟೂ ಇಲ್ಲ, ಶಾಕೂ ಇಲ್ಲ, ಎಕ್ಸ್‌ರೇ ತೆಗೆಸಿಕೊಂಡ ಹಾಗೆ ಕೆಲವು ನಿಮಿಷ ಮಲಗುವುದು. ಸ್ತನಕ್ಕೆ ಈಗ ಸಾಮಾನ್ಯವಾಗಿ ಮೂರು ವಾರ, ವಾರಕ್ಕೆ ಐದು ದಿನ. ಅಷ್ಟು ದಿನ ಊರು ಬಿಟ್ಟು ಇರಬೇಕಾದ್ದರಿಂದ ಚಿಕಿತ್ಸೆ ನಡುವೆ ಬಿಡುವವರೂ ಇದ್ದಾರೆ, ಉಳಿಯುವ ಜಾಗದ ವಿಚಾರ ಮೊದಲ ದಿನವೇ ಕೇಳಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಯವರೊಬ್ಬರಿಗೆ ಮುಕ್ಕಾಲು ರಿಯಾಯಿತಿ ಇದೆ. ಅದರ ಫಾರಂಗೆ ಆಸ್ಪತ್ರೆಯ ಸೀಲು ಬೇಕು, ಡಿಸ್ಚಾರ್ಜ್ ಆಗುವ ಮೊದಲೇ ಹಾಕಿಸಿಕೊಳ್ಳಿ.